ಹಮ್ಮರ್ಬಿಯ ಅಭಿಮಾನಿಗಳೂ ನನ್ನ ಫಲಿತಾಂಶದ ಪುಸ್ತಕವೂ

ಕಳೆದ ತಿಂಗಳು ಒಂದು ಸಂಜೆ ನನಗೊಂದು ದೂರವಾಣಿ ಕರೆ ಬಂದಿತು. "ಸಾರ್, ನಮಸ್ಕಾರ. ನಿಮಗೆ ನನ್ನ ಗುರುತು ಸಿಕ್ಕಲಿಕ್ಕಿಲ್ಲ. ಎಂಬತ್ತೆಂಟನೇ ಇಸವಿಯ ಹತ್ತನೇ ಕ್ಲಾಸು. ಫೇಲಾದವರ ಪೈಕಿ ನಾನು" ಎಂದು ಆ ಕಡೆಯ ದನಿ ನಕ್ಕಿತು. ಹೆಸರು ಹೇಳಿದಾಗ ಗುರುತು ಹತ್ತಿತು. ನಮ್ಮ ಪೇಟೆಯ ಬಸ್‌ಸ್ಟ್ಯಾಂಡಿನ ಹಿಂದೆ ಲಾರಿ ಗ್ಯಾರೇಜು ಇಟ್ಟಿರುವವನು. ವಾರಕ್ಕೊಮ್ಮೆಯಾದರೂ ನಾನು ಅವನ ಅಂಗಡಿಯ ಮುಂದೆ ಹಾದು ಹೋಗುತ್ತೇನೆ. ಕುಶಲದ ಮಾತು ಮುಗಿದ ಮೇಲೆ ಅವನು ಸ್ವಲ್ಪ ತಡೆದು ಕೇಳಿದ: "ಸಾರ್, ಡಿಸೆಂಬರಿನಲ್ಲಿ ನಮ್ಮ ಬ್ಯಾಚಿನವರು ಗುರುವಂದನೆ ಇಟ್ಟುಕೊಂಡಿದ್ದಾರಂತೆ. ಅದು ಪಾಸಾದವರಿಗೆ ಮಾತ್ರವಾ?"

ನಾನು ತಕ್ಷಣ ಉತ್ತರ ಕೊಡಲಾರದೆ ಹೋದೆ. ಏಕೆಂದರೆ ಆಹ್ವಾನಿತರ ಪಟ್ಟಿಯನ್ನು ಕೊಟ್ಟವನು ನಾನೇ. ಕಾರ್ಯಕ್ರಮದ ಹೊಣೆ ಹೊತ್ತ ಹುಡುಗರು (ಹುಡುಗರೆಂದರೂ ಅವರಿಗೆಲ್ಲ ಐವತ್ತು ದಾಟಿದೆ) ಹಳೆಯ ಹೆಸರುಗಳನ್ನು ಕೇಳಿದಾಗ, ನಾನು ಬರೆದಿಟ್ಟುಕೊಂಡಿದ್ದ ಫಲಿತಾಂಶದ ಪುಸ್ತಕದ ಒಂದು ಹಾಳೆಯ ಚಿತ್ರ ತೆಗೆದು ಕಳುಹಿಸಿದ್ದೆ. ಆ ವರ್ಷ ಪರೀಕ್ಷೆಗೆ ಕುಳಿತವರು 46 ಮಂದಿ, ತೇರ್ಗಡೆಯಾದವರು 31. ಮೂವತ್ತೊಂದು ಹೆಸರುಗಳು ಅಂಕಗಳ ಇಳಿಕೆಯ ಕ್ರಮದಲ್ಲಿ ಆ ಹಾಳೆಯಲ್ಲಿದ್ದವು. ಉಳಿದ ಹದಿನೈದು ಮಂದಿ ಮಗುಚಿದ ಹಾಳೆಯಲ್ಲಿದ್ದರು. ಅದನ್ನು ಕಳುಹಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಆ ರಾತ್ರಿ ನಿದ್ರೆ ಹತ್ತಲಿಲ್ಲ. ಆಗ ನೆನಪಾದದ್ದು ನಮ್ಮೂರಿಗೆ ಯಾವ ಸಂಬಂಧವೂ ಇಲ್ಲದ, ಸ್ವೀಡನ್ ದೇಶದ ಒಂದು ಫುಟ್‌ಬಾಲ್ ತಂಡ. ಮೇಷ್ಟ್ರಿಗೆ ವಯಸ್ಸಾಯಿತು, ಎಲ್ಲಿಂದೆಲ್ಲಿಗೋ ಹಾರುತ್ತಿದ್ದಾರೆ ಎಂದು ನೀವು ತಿಳಿಯಬಾರದು. ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ನನ್ನ ಮಗ 2003ರಲ್ಲಿ ಕೆಲಸದ ನಿಮಿತ್ತ ಸ್ಟಾಕ್‌ಹೋಮಿಗೆ ಹೋದವನು ಅಲ್ಲಿಯೇ ನೆಲೆಸಿದ್ದಾನೆ. 2016ರಲ್ಲಿ ನಾನೂ ನನ್ನ ಮನೆಯಾಕೆಯೂ ಮೂರು ತಿಂಗಳು ಅವನಲ್ಲಿ ಇದ್ದು ಬಂದೆವು. ಅವನ ಮನೆಯ ಬಾಗಿಲಿನ ಹಿಂದೆ ಹಸಿರು-ಬಿಳಿ ಪಟ್ಟೆಯ ಎರಡು ಶಾಲುಗಳು ತೂಗಾಡುತ್ತಿದ್ದವು. ಒಂದು ಅವನದು, ಇನ್ನೊಂದು ಆಗ ಒಂಬತ್ತು ವರ್ಷದವಳಾಗಿದ್ದ ಮೊಮ್ಮಗಳದು. ಅದು ಹಮ್ಮರ್ಬಿ ಎಂಬ ತಂಡದ ಬಣ್ಣ ಎಂದು ತಿಳಿಯಿತು. ಅಪ್ಪ ಮಗಳು ಊರಿನಲ್ಲಿ ಪಂದ್ಯವಿದ್ದ ದಿನವೆಲ್ಲ ತಪ್ಪದೆ ಹೋಗುತ್ತಾರೆಂದು ಸೊಸೆ ಹೇಳಿದಳು. ನನ್ನ ಮಗನಿಗೆ ಫುಟ್‌ಬಾಲ್ ಎಂದರೆ ಇನ್ನೂ ಇಷ್ಟ ಎಂಬ ಸಂಗತಿ ನನಗೆ ತಿಳಿದದ್ದು ಆ ದಿನ. "ಇನ್ನೂ" ಎಂದೇಕೆ ಬರೆದೆನೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಆ ತಂಡದ ಕಥೆ. ಸ್ಟಾಕ್‌ಹೋಮ್ ನಗರ ಹಲವು ದ್ವೀಪಗಳ ಮೇಲೆ ಹರಡಿಕೊಂಡಿದೆ. ಅದರ ದಕ್ಷಿಣದ ದೊಡ್ಡ ದ್ವೀಪಕ್ಕೆ ಸೋಡರ್ಮಾಲ್ಮ್ ಎಂದು ಹೆಸರು. ಹಿಂದೆ ಅದು ಕಾರ್ಖಾನೆಯ ಕೂಲಿಗಳ, ಬಡಗಿಗಳ, ಹಡಗುಕಟ್ಟೆಯ ಆಳುಗಳ ಬೀಡಾಗಿತ್ತು. ಇಂದು ಅಲ್ಲಿ ಒಂದು ಕೋಣೆ ಕೊಳ್ಳಬೇಕಾದರೂ ಶ್ರೀಮಂತನಾಗಿರಬೇಕು, ಅದು ಬೇರೆ ಮಾತು. ಆ ದಕ್ಷಿಣ ಭಾಗದ ಜನ 1889ರಲ್ಲಿ ದೋಣಿ ಹುಟ್ಟು ಹಾಕುವ ಸಂಘವೊಂದನ್ನು ಕಟ್ಟಿದರು. 1897ರಲ್ಲಿ ಅದು ಎಲ್ಲ ಆಟಗಳ ಸಂಘವಾಗಿ ಹಮ್ಮರ್ಬಿ ಎಂಬ ಹೆಸರು ಪಡೆಯಿತು. ಫುಟ್‌ಬಾಲ್ ಸೇರಿಕೊಂಡದ್ದು 1915ರಲ್ಲಿ. ಅದೇ ಊರಿನ ಇನ್ನಿಬ್ಬರು ಎದುರಾಳಿಗಳಾದ ಎಐಕೆ ಮತ್ತು ಯೂರ್ಗೋರ್ಡನ್ ತಂಡಗಳು 1891ರಲ್ಲಿ ಹುಟ್ಟಿದವು. ಅವರ ಬಳಿ ಪ್ರಶಸ್ತಿಗಳ ರಾಶಿಯೇ ಇದೆ. ಹಮ್ಮರ್ಬಿಯ ಬಳಿ ಏನಿದೆ? 1924ರಲ್ಲಿ ಆಲ್‌ಸ್ವೆನ್ಸ್ಕಾನ್ ಎಂಬ ರಾಷ್ಟ್ರೀಯ ಲೀಗ್ ಹನ್ನೆರಡು ತಂಡಗಳೊಂದಿಗೆ ಆರಂಭವಾದಾಗ ಹಮ್ಮರ್ಬಿಯೂ ಅದರಲ್ಲಿ ಒಂದಾಗಿತ್ತು. ಋತು ಮುಗಿದಾಗ ಹನ್ನೆರಡನೆಯ ಸ್ಥಾನದಲ್ಲಿತ್ತು! ಕೆಳಗಿನ ದರ್ಜೆಗೆ ಇಳಿಯಿತು. ಅಂದಿನಿಂದ ಏರುವುದು, ಇಳಿಯುವುದು, ಮತ್ತೆ ಏರುವುದೇ ಅದರ ಚರಿತ್ರೆ. ನಮ್ಮ ಶಾಲೆಯ ಭಾಷೆಯಲ್ಲಿ ಹೇಳುವುದಾದರೆ ಅದು ಕೊನೆಯ ಬೆಂಚಿನ ತಂಡ.

ಈ ತಂಡವನ್ನು ಅಭಿಮಾನಿಗಳು ಪ್ರೀತಿಯಿಂದ 'ಬಾಯೆನ್' ಎನ್ನುತ್ತಾರೆ. ಹಮ್ಮರ್ಬಿ ಎಂಬುದನ್ನು ಇಂಗ್ಲಿಷರ ಧಾಟಿಯಲ್ಲಿ ಬೇಕೆಂದೇ ತಿರುಚಿ ಉಚ್ಚರಿಸಿ ನಕ್ಕಾಗ ಹುಟ್ಟಿದ ಹೆಸರಂತೆ ಅದು. ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳಬಲ್ಲ ಜನ ಎಂದು ನನಗೆ ಆಗಲೇ ಅನ್ನಿಸಿತು.

ಅಲ್ಲಿಯ ಒಂದು ಬೀದಿಯಲ್ಲಿ ಮಗ ನನಗೆ ಒಂದು ಪ್ರತಿಮೆ ತೋರಿಸಿದ. ಲೆನ್ನಾರ್ಟ್ ಸ್ಕೋಗ್ಲುಂಡ್ ಎಂಬ ಆಟಗಾರನದು. ಎಲ್ಲರೂ ಕರೆಯುವುದು ನಕ್ಕಾ ಎಂದು. 1929ರ ಡಿಸೆಂಬರ್ 24ರಂದು ಹುಟ್ಟಿ, ಆ ಬೀದಿಯಲ್ಲಿಯೇ ಬೆಳೆದವನು. 1950ರಲ್ಲಿ ಬ್ರೆಜಿಲಿನಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಆಡಿ, ಇಟಲಿಯ ಇಂಟರ್ ತಂಡಕ್ಕೆ ಹೋಗಿ, 1953 ಮತ್ತು 1954ರಲ್ಲಿ ಅಲ್ಲಿಯ ಲೀಗ್ ಗೆದ್ದ ತಂಡದಲ್ಲಿದ್ದವನು. 1958ರ ವಿಶ್ವಕಪ್ ಫೈನಲಿನಲ್ಲಿ ಬ್ರೆಜಿಲ್ ವಿರುದ್ಧ ಸ್ವೀಡನ್ ಪರವಾಗಿ ಆಡಿದವನು. ಇಷ್ಟೆಲ್ಲ ಆಗಿ 1964ರಲ್ಲಿ, ಕೆಳದರ್ಜೆಯಲ್ಲಿದ್ದ ತನ್ನ ಹಳೆಯ ಹಮ್ಮರ್ಬಿಗೆ ಮರಳಿ ಬಂದ. ಮರಳಿದ ಮೊದಲ ಪಂದ್ಯದಲ್ಲಿಯೇ ಮೈದಾನದ ಮೂಲೆಯಿಂದ ಒದ್ದ ಚೆಂಡು ಯಾರನ್ನೂ ಮುಟ್ಟದೆ ನೇರವಾಗಿ ಗೋಲಿನೊಳಗೆ ಹೋಯಿತು. ಆದರೆ ಮದ್ಯ ಅವನನ್ನು ಬಿಡಲಿಲ್ಲ. 1975ರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡ. ಬಾಳಿನಲ್ಲಿ ಸೋತವನೆಂದು ಲೋಕ ಬರೆಯಬಹುದಾಗಿದ್ದ ಅವನನ್ನು, ಅವನ ಕೇರಿಯ ಜನ 1984ರಲ್ಲಿ ಮನೆಯ ಮುಂದೆಯೇ ಪ್ರತಿಮೆಯಾಗಿ ನಿಲ್ಲಿಸಿಕೊಂಡರು. ಅವನು ಅಲ್ಲಿ ಮೂಲೆಯ ಒದೆತಕ್ಕೆ ಸಿದ್ಧನಾಗಿ ನಿಂತಿದ್ದಾನೆ.

ಹಾಡಿನ ಸಂಗತಿಯನ್ನೂ ಹೇಳಬೇಕು. 1969ರಿಂದ ಸ್ವೀಡನ್ನಿನ ದೂರದರ್ಶನದಲ್ಲಿ ಶನಿವಾರ ಇಂಗ್ಲೆಂಡಿನ ಪಂದ್ಯಗಳು ನೇರವಾಗಿ ಬರತೊಡಗಿದವು. ಅಲ್ಲಿಯ ಪ್ರೇಕ್ಷಕರು ನಿಂತು ಒಕ್ಕೊರಲಿನಿಂದ ಹಾಡುವುದನ್ನು ಸೋಡರ್ಮಾಲ್ಮಿನ ತರುಣರು ನೋಡಿದರು. 1970ರಲ್ಲಿ ಹಮ್ಮರ್ಬಿ ತಂಡ ವಸಂತದಲ್ಲಿ ಪಟ್ಟಿಯ ತಳದಲ್ಲಿ ಬಿದ್ದಿತ್ತು. ಆ ವರ್ಷವೇ ಸೋಡರ್‌ಸ್ಟೇಡಿಯನ್ ಎಂಬ ಅವರ ಮೈದಾನದಲ್ಲಿ ಹಾಡು ಆರಂಭವಾಯಿತು. ತಂಡ ಶರತ್ಕಾಲದಲ್ಲಿ ಚೇತರಿಸಿಕೊಂಡು ಮೇಲೆ ಬಂದಿತು. ಹಾಡಿನಿಂದ ಗೆದ್ದರೋ, ಗೆದ್ದುದರಿಂದ ಹಾಡಿದರೋ ಯಾರು ಬಲ್ಲರು? ಆದರೆ ನನ್ನ ಗಮನ ಸೆಳೆದ ಸಂಗತಿಯೆಂದರೆ, ಅವರು ಹಾಡತೊಡಗಿದ್ದು ಮೊದಲ ಸ್ಥಾನ ಬಂದಾಗಲ್ಲ. ಈಗ ಪಂದ್ಯಕ್ಕೆ ಮೊದಲು ಅಲ್ಲಿ ಹಾಡುವ ಗೀತೆ ಕೆಂಟಾ ಗುಸ್ತಾಫ್ಸೊನ್ ಎಂಬಾತನದು. ಮಾದಕವಸ್ತು, ಬೀದಿಯ ಬದುಕು ಎಲ್ಲವನ್ನೂ ಕಂಡು 2003ರಲ್ಲಿ ತೀರಿಹೋದವನು. ಅವನ ಹಾಡನ್ನು ಕುಟುಂಬಸ್ಥರು, ಮಕ್ಕಳು, ಮುದುಕರು ಶಾಲನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದು ಹಾಡುತ್ತಾರೆ.

ಹಾಗಾದರೆ ಅವರು ಗೆಲ್ಲಲೇ ಇಲ್ಲವೆ? 1982ರಲ್ಲಿ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಚಾಂಪಿಯನ್ ಪಟ್ಟಕ್ಕೆ ಯೋಟೆಬೋರಿ ನಗರದ ತಂಡದೊಡನೆ ಎರಡು ಪಂದ್ಯಗಳ ಫೈನಲ್. ಎದುರಾಳಿಯ ಊರಿನಲ್ಲಿ 2-1ರಿಂದ ಗೆದ್ದು ಬಂದವರು ತಮ್ಮ ಮೈದಾನದಲ್ಲಿ, ತಮ್ಮ ಜನರ ಎದುರಿಗೇ 1-3ರಿಂದ ಸೋತರು. ಕೊನೆಗೆ 2001ರ ಅಕ್ಟೋಬರ್ 21ರಂದು ಎರ್‌ಗ್ರೀಟೆ ತಂಡವನ್ನು 3-2ರಿಂದ ಸೋಲಿಸಿ ಹಮ್ಮರ್ಬಿ ಮೊದಲ ಬಾರಿಗೆ ಸ್ವೀಡನ್ನಿನ ಚಾಂಪಿಯನ್ ಆಯಿತು. ಫುಟ್‌ಬಾಲ್ ಆಡತೊಡಗಿ ಎಂಬತ್ತಾರು ವರ್ಷಗಳಾಗಿದ್ದವು! ಆ ತಂಡವನ್ನು ಗೆಲ್ಲಿಸಿದ ತರಬೇತುದಾರ ಸೋರೆನ್ ಕ್ರಾಟ್ಸ್ ಅವರ ಕರಾರನ್ನು ಮುಂದುವರಿಸುವುದಿಲ್ಲವೆಂದು ಆಡಳಿತ ಮಂಡಳಿ ಋತುವಿನ ನಡುವೆಯೇ ತೀರ್ಮಾನಿಸಿತ್ತು. ಮಂಡಳಿಗಳು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯವು ಎಂದು ನನಗೆ ನಗು ಬಂದಿತು.

ನನ್ನ ಮಗ ಅಲ್ಲಿಗೆ ಹೋದದ್ದು ಅದಾಗಿ ಎರಡು ವರ್ಷಕ್ಕೆ. 2009ರಲ್ಲಿ ತಂಡ ಮತ್ತೆ ಕೆಳದರ್ಜೆಗೆ ಬಿದ್ದು ಐದು ಋತುಗಳನ್ನು ಅಲ್ಲಿಯೇ ಕಳೆಯಿತು. ಈಗ ಕೇಳಿ ವಿಚಿತ್ರವನ್ನು. 2013ರ ಜೂನಿನಲ್ಲಿ ಹಳೆಯ ಮೈದಾನಕ್ಕೆ ವಿದಾಯ ಹೇಳಿ, ಪಕ್ಕದಲ್ಲಿಯೇ ಕಟ್ಟಿದ, ಮುಚ್ಚಬಹುದಾದ ಮಾಡಿನ ಹೊಸ ಕ್ರೀಡಾಂಗಣಕ್ಕೆ ಬಂದಾಗ, ಎರಡನೆಯ ದರ್ಜೆಯ ಒಂದು ಪಂದ್ಯಕ್ಕೆ 29 ಸಾವಿರಕ್ಕೂ ಹೆಚ್ಚು ಜನ ಸೇರಿದರು. 2014ರಲ್ಲಿ, ಇನ್ನೂ ಕೆಳದರ್ಜೆಯಲ್ಲಿರುವಾಗಲೇ, ಊರಿನ ಪಂದ್ಯವೊಂದಕ್ಕೆ ಸರಾಸರಿ 20 ಸಾವಿರಕ್ಕೂ ಮಿಕ್ಕಿ ಪ್ರೇಕ್ಷಕರು ಬಂದರು. ಮೇಲ್ದರ್ಜೆಯ ಯಾವ ತಂಡಕ್ಕೂ ಅಷ್ಟು ಜನ ಬರಲಿಲ್ಲ. ತಂಡ ಮುಗ್ಗರಿಸಿದಾಗ ಬಂಧುಗಳು ಹೆಚ್ಚಾದರು! ನಾನು ನನ್ನ ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ, ಅನುತ್ತೀರ್ಣನಾದ ಹುಡುಗನ ಮನೆಗೆ ಫಲಿತಾಂಶದ ದಿನ ಎಷ್ಟು ಸಲ ಹೋಗಿದ್ದೆ? ಒಂದು ಸಲವೂ ಇಲ್ಲ.

ಈ ಅಭಿಮಾನಿಗಳು ಬರಿಯ ಪ್ರೇಕ್ಷಕರಲ್ಲ, ಮಾಲೀಕರು ಕೂಡ. ಸ್ವೀಡನ್ನಿನ ಕ್ರೀಡಾ ಒಕ್ಕೂಟದ ನಿಯಮದಂತೆ, ಕ್ಲಬ್ಬಿನ ತಂಡವನ್ನು ಕಂಪನಿಯಾಗಿ ಮಾಡಿದರೂ ಮತಗಳ ಬಹುಪಾಲು ಸದಸ್ಯರ ಸಂಘದ ಕೈಯಲ್ಲಿಯೇ ಉಳಿಯಬೇಕು. ನಮ್ಮ ಅಡಿಕೆ ಸೊಸೈಟಿಯ ಮಹಾಸಭೆಯಂತೆ ಅಲ್ಲಿಯೂ ವರ್ಷಕ್ಕೊಮ್ಮೆ ಸಭೆ, ಸದಸ್ಯನಿಗೊಂದು ಮತ. 2019ರಲ್ಲಿ ಲೋಕಪ್ರಸಿದ್ಧ ಆಟಗಾರ ಝ್ಲಾಟಾನ್ ಇಬ್ರಾಹಿಮೋವಿಚ್ ಹಮ್ಮರ್ಬಿಯ ಕಂಪನಿಯಲ್ಲಿ ಕಾಲುಭಾಗಕ್ಕೆ ಹತ್ತಿರದಷ್ಟು ಪಾಲು ಕೊಂಡರು. ಅವರು ಹುಟ್ಟಿ ಬೆಳೆದ ಮಾಲ್ಮೋ ನಗರದಲ್ಲಿ ಅದಕ್ಕೆ ಕೆಲವೇ ವಾರಗಳ ಹಿಂದೆ ನಿಲ್ಲಿಸಿದ್ದ ಅವರ ಪ್ರತಿಮೆಯನ್ನು ಸಿಟ್ಟಿಗೆದ್ದವರು ಹಾಳುಗೆಡವಿದರು. 2020ರ ಜನವರಿಯಲ್ಲಿ ಅದು ನೆಲಕ್ಕುರುಳಿತು. ಅಷ್ಟು ದೊಡ್ಡ ಹೆಸರಿನವರು ಬಂದರೂ ಹಮ್ಮರ್ಬಿಯ ಮತದ ಬಹುಪಾಲು ಸದಸ್ಯರದೇ. 2024ರಲ್ಲಿ, ಆಟದ ತೀರ್ಪುಗಳನ್ನು ವಿಡಿಯೋ ನೋಡಿ ನಿರ್ಧರಿಸುವ ಪದ್ಧತಿ ಬೇಡವೆಂದು ಸ್ವೀಡನ್ ಕೈಬಿಟ್ಟದ್ದು ಕೂಡ ಇಂಥ ಸದಸ್ಯರ ಸಭೆಗಳ ಬಲದಿಂದ.

ಇವರೆಲ್ಲ ಸಾಧುಸಂತರೆಂದು ನಾನು ಹೇಳುತ್ತಿಲ್ಲ. 2006ರ ಆಗಸ್ಟಿನಲ್ಲಿ ಯೂರ್ಗೋರ್ಡನ್ ವಿರುದ್ಧದ ಪಂದ್ಯದಲ್ಲಿ ಹಮ್ಮರ್ಬಿಯ ಕೆಲವು ಅಭಿಮಾನಿಗಳು ಉರಿಯುವ ಪಂಜುಗಳನ್ನು ಮೈದಾನಕ್ಕೆಸೆದು ಆಟವೇ ನಿಂತುಹೋಯಿತು. 2014ರ ಮಾರ್ಚಿನಲ್ಲಿ ಯೂರ್ಗೋರ್ಡನ್ನಿನ ಅಭಿಮಾನಿಯೊಬ್ಬ ಹೆಲ್ಸಿಂಗ್‌ಬೋರಿ ಪಟ್ಟಣದಲ್ಲಿ ಪಂದ್ಯಕ್ಕೆ ಮೊದಲು ಹಲ್ಲೆಗೆ ಸಿಕ್ಕಿ ಸತ್ತ. 'ನಾವು' ಎನ್ನುವ ಮಾತು ತಲೆಗೇರಿದರೆ 'ಅವರು' ಮನುಷ್ಯರಾಗಿ ಉಳಿಯುವುದಿಲ್ಲ. ಈ ಮಾತನ್ನೂ ಮಗನೇ ಹೇಳಿದ್ದು.

ಒಂದು ದಿನ ಅವರಿಬ್ಬರೂ ನನ್ನನ್ನು ಪಂದ್ಯಕ್ಕೆ ಕರೆದೊಯ್ದರು. ನನ್ನ ಕೊರಳಿಗೂ ಒಂದು ಶಾಲು ಬಿದ್ದಿತು. ಸುರಂಗದ ರೈಲಿನಿಂದ ಇಳಿದು ಜನಸಾಗರದೊಡನೆ ನಡೆದೆವು. ಆಟದ ಸೂಕ್ಷ್ಮ ನನಗೇನೂ ತಿಳಿಯಲಿಲ್ಲ. ನಾನು ನೋಡಿದ್ದು ನನ್ನ ಮಗನನ್ನು. ಮನೆಯಲ್ಲಿ ನನ್ನೆದುರು ನಾಲ್ಕು ಮಾತಾಡಿದರೆ ಹೆಚ್ಚು ಎನ್ನಿಸುವವನು, ತಲೆಗೂದಲು ನರೆತವನು, ತಲೆಯೆತ್ತಿ ಗಂಟಲು ಹರಿಯುವಂತೆ ಹಾಡುತ್ತಿದ್ದ. ಆ ದಿನ ತಂಡ ಸೋತಿತು. ಆಟ ಮುಗಿದ ಮೇಲೆ ಆಟಗಾರರು ತಲೆ ತಗ್ಗಿಸಿಕೊಂಡು ಅಭಿಮಾನಿಗಳು ನಿಂತಿದ್ದ ಕಡೆಗೆ ಬಂದರು. ಬೈಗುಳ ಬೀಳುವುದೆಂದು ನಾನು ಕಾದೆ. ಜನ ಚಪ್ಪಾಳೆ ತಟ್ಟಿ ಮತ್ತೊಮ್ಮೆ ಹಾಡಿದರು.

ಹೊರಗೆ ಬರುವಾಗ ನಾನು ಸಮಾಧಾನದ ದನಿಯಲ್ಲಿ "ಪಾಪ, ಅವರು ಸೋತುಬಿಟ್ಟರಲ್ಲ" ಎಂದೆ. ಮೊಮ್ಮಗಳು ನನ್ನ ಕೈ ಜಗ್ಗಿದಳು. "ಅಜ್ಜಾ, ಅವರು ಸೋತರು ಅಂತ ಹೇಳಬಾರದು. ನಾವು ಸೋತೆವು ಅನ್ನಬೇಕು."

ನಾನು ಕನ್ನಡದ ಮೇಷ್ಟ್ರು. ಪ್ರಥಮ ಪುರುಷ, ಮಧ್ಯಮ ಪುರುಷ, ಉತ್ತಮ ಪುರುಷಗಳ ಪಾಠವನ್ನು ಜೀವಮಾನವಿಡೀ ಮಾಡಿದವನು. ನನಗೆ ಒಂಬತ್ತು ವರ್ಷದ ಮಗು, ಅದೂ ಪರದೇಶದಲ್ಲಿ ಹುಟ್ಟಿ ಬೆಳೆದದ್ದು, ಅದೇ ಪಾಠವನ್ನು ಹೇಳಿಕೊಟ್ಟಿತು. ಫಲಿತಾಂಶದ ದಿನ ಶಿಕ್ಷಕರ ಕೋಣೆಯಲ್ಲಿ ನಾನು ಹೇಗೆ ಮಾತಾಡುತ್ತಿದ್ದೆ? "ನಾವು ಶೇಕಡಾ 67 ತೆಗೆದೆವು" ಎನ್ನುತ್ತಿದ್ದೆ. ಫೇಲಾದವರ ಮಾತು ಬಂದರೆ "ಅವರು ಫೇಲಾದರು". ಪಾಸು ಉತ್ತಮ ಪುರುಷ, ಫೇಲು ಪ್ರಥಮ ಪುರುಷ. ಅದೇ ವ್ಯಾಕರಣವನ್ನು ಮನೆಗೂ ತಂದಿದ್ದೆ.

ಸೇತುವೆಯ ಮೇಲೆ ನಡೆಯುತ್ತಿದ್ದಾಗ ಮಗನನ್ನು ಕೇಳಿದೆ, "ನಿನಗೆ ಇದರ ಮೇಲೆ ಇಷ್ಟು ಪ್ರೀತಿ ಇದೆ ಎಂದು ಒಮ್ಮೆಯೂ ಹೇಳಲಿಲ್ಲವಲ್ಲ?" ಅವನು ನೀರಿನ ಕಡೆ ನೋಡುತ್ತ, "ನೀವು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ ಮೇಲೆ ಆ ವಿಷಯ ಮಾತಾಡಬಾರದು ಅಂದುಕೊಂಡೆ ಅಪ್ಪಾ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

1991ರ ಜೂನ್. ಅವನು ಹತ್ತನೇ ತರಗತಿಗೆ ಬಂದಿದ್ದ. ಮಳೆಗಾಲದಲ್ಲಿ ಶಾಲೆಯ ಬಯಲಿನ ಕೆಸರಿನಲ್ಲಿ ಚೆಂಡಾಡಿ ಬಂದವನ ಕೈಯಿಂದ ಚೆಂಡನ್ನು ಕಸಿದು, ನನ್ನ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ಪರೀಕ್ಷೆ ಮುಗಿದ ಮೇಲೆ ಕೊಡುತ್ತೇನೆಂದಿದ್ದೆ. ಪರೀಕ್ಷೆ ಮುಗಿಯಿತು, ಒಳ್ಳೆಯ ಅಂಕಗಳು ಬಂದವು, ಅವನು ಚೆಂಡನ್ನು ಕೇಳಲಿಲ್ಲ, ನಾನು ಕೊಡಲಿಲ್ಲ. ನನ್ನ ಪದ್ಧತಿ ಸರಿಯೆಂಬುದಕ್ಕೆ ಅವನ ಅಂಕಗಳನ್ನೇ ಸಾಕ್ಷಿಯಾಗಿ ಎಷ್ಟೋ ಪೋಷಕರ ಸಭೆಗಳಲ್ಲಿ ಹೇಳಿದೆ. ನಿಮ್ಮಲ್ಲಿ ಹಲವರ ತಂದೆತಾಯಂದಿರು ಆ ಮಾತನ್ನು ಕೇಳಿರಬಹುದು, ನಿಮ್ಮ ಚೆಂಡುಗಳಿಗೂ ಬೀಗ ಬಿದ್ದಿರಬಹುದು. ಓದು ಬೇಡವಾಗಿತ್ತೆಂದಲ್ಲ. ಓದಿನಿಂದಲೇ ಅವನು ಅನ್ನ ಉಣ್ಣುತ್ತಿದ್ದಾನೆ. ಆದರೆ ಗೆದ್ದರೆ ಮಾತ್ರ ನನ್ನವನು ಎಂಬಂತೆ ನಡೆದುಕೊಂಡೆನಲ್ಲ, ಅದು ತಪ್ಪು.

ಊರಿಗೆ ಬಂದ ಮೇಲೆ ಬೀರು ತೆರೆದೆ. ಚೆಂಡಿನ ಗಾಳಿಯೆಲ್ಲ ಹೋಗಿ, ಚರ್ಮ ಬಿರಿದು, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟಿಗೆ ಅಂಟಿಕೊಂಡಿತ್ತು. ಮಗನಿಗೆ ದೂರವಾಣಿ ಮಾಡಿ ಹೇಳಿದೆ. "ಅದು ಇನ್ನೂ ಇದೆಯಾ ಅಪ್ಪಾ?" ಎಂದವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಹೆಸರು ಬರೆದಿದ್ದೆ, ಕಾಣುತ್ತದೆಯೇ ನೋಡಿ" ಎಂದ. ಶಾಯಿ ಮಾಸಿದ್ದರೂ ಕಾಣುತ್ತಿತ್ತು. ನನ್ನಿಂದ ತಪ್ಪಾಯಿತೆಂದು ಆ ದಿನ ಹೇಳಿದೆ. ಅವನು "ಇರಲಿ ಬಿಡಿ" ಎಂದ. ಈಗ ಪ್ರತಿ ವಾರ ಪಂದ್ಯವಾದ ಮೇಲೆ ಅವನೇ ಕರೆ ಮಾಡುತ್ತಾನೆ. 2021ರ ಮೇ 30ರಂದು ಹಮ್ಮರ್ಬಿ ಸ್ವೀಡಿಷ್ ಕಪ್ ಗೆದ್ದಾಗಲೂ, 2023ರಲ್ಲಿ ಅದರ ಮಹಿಳಾ ತಂಡ 1985ರ ನಂತರ ಮತ್ತೆ ಚಾಂಪಿಯನ್ ಆದಾಗಲೂ ಮೊಮ್ಮಗಳು ಕಿರುಚಿದ್ದು ನನ್ನ ಕಿವಿಯಲ್ಲಿದೆ. 2024 ಮತ್ತು 2025ರಲ್ಲಿ ಪುರುಷರ ತಂಡ ಲೀಗಿನಲ್ಲಿ ಎರಡನೆಯದಾಯಿತು. "ನಾವು ಎರಡನೆಯವರಾದೆವು" ಎಂದು ನಾನೂ ಹೇಳಿದೆ.

ಇಷ್ಟನ್ನು ಕಲಿತವನು ಮತ್ತೆ ಮೂವತ್ತೊಂದೇ ಹೆಸರುಗಳ ಹಾಳೆ ಕಳುಹಿಸಿದೆನಲ್ಲ! ಅಭ್ಯಾಸ ಎಷ್ಟು ಆಳಕ್ಕೆ ಇಳಿದಿರುತ್ತದೆ ನೋಡಿ. ಗ್ಯಾರೇಜಿನ ಶಿಷ್ಯನಿಗೆ ಮಾರನೆಯ ದಿನ ಉತ್ತರ ಹೇಳಲು ಅವನ ಅಂಗಡಿಗೇ ಹೋದೆ. ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಬಂದು, ಸ್ಟೂಲು ಹಾಕಿ ಕೂರಿಸಿ, ಚಹಾ ತರಿಸಿದ. "ತಪ್ಪು ನನ್ನದು. ನೀನು ಬರಬೇಕು" ಎಂದೆ. "ನೀವು ಅಂಗಡಿಗೆ ಬಂದಿರಲ್ಲ ಸಾರ್, ಅಷ್ಟು ಸಾಕು" ಎಂದು ನಕ್ಕ. ಆದರೆ ಬರುತ್ತೇನೆಂದೂ ಹೇಳಿದ.

ಮಗುಚಿದ ಹಾಳೆಯ ಹದಿನೈದು ಮಂದಿಯಲ್ಲಿ ಅವನೂ ಸೇರಿ ಎಂಟು ಮಂದಿಯನ್ನು ಇದುವರೆಗೆ ಕಂಡು ಮಾತನಾಡಿದ್ದೇನೆ. ಇಬ್ಬರು ಈಗ ಇಲ್ಲವೆಂದು ತಿಳಿಯಿತು. ಅದರಲ್ಲೊಬ್ಬಳ ಮಗಳು ಬರಲು ಒಪ್ಪಿದ್ದಾಳೆ. ಒಬ್ಬ ಮಾತ್ರ "ಬೇಡ ಸಾರ್, ಆ ಶಾಲೆಯ ಮೆಟ್ಟಿಲು ಹತ್ತಲಾರೆ" ಎಂದ. ಒತ್ತಾಯಿಸಲು ನನಗೆ ಬಾಯಿ ಬರಲಿಲ್ಲ. ಅವನ ಬಾಗಿಲಿಗೆ ಇನ್ನೊಮ್ಮೆ ಹೋಗುವೆನು, ಆದರೆ ಅದು ಗುರುವಂದನೆಯ ಸಲುವಾಗಿ ಅಲ್ಲ.

ಎಂಬತ್ತೆಂಟರ ಬ್ಯಾಚಿನ ಪ್ರಿಯ ಶಿಷ್ಯರೆ, ಉಳಿದ ಐವರ ಸುಳಿವು ನನಗೆ ಸಿಕ್ಕಿಲ್ಲ. ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಪಕ್ಕದಲ್ಲಿ ಕುಳಿತಿದ್ದವರು ಯಾರೆಂಬುದು ನಿಮಗೆ ನೆನಪಿರುತ್ತದೆ. ತಿಳಿದವರು ದಯಮಾಡಿ ನನಗೆ ತಿಳಿಸಿ. ವೇದಿಕೆಯ ಮೇಲೆ ಅಂಕಗಳ ಕ್ರಮದಲ್ಲಿ ಹೆಸರು ಕರೆಯುವುದು ಬೇಡವೆಂದು ಸಂಘಟಕರಿಗೆ ಆಗಲೇ ಹೇಳಿದ್ದೇನೆ. ಹಾಜರಿ ಪುಸ್ತಕದ ಕ್ರಮದಲ್ಲಿ, ಅಕಾರಾದಿಯಾಗಿ, ನಲವತ್ತಾರು ಹೆಸರುಗಳನ್ನೂ ನಾನೇ ಓದುತ್ತೇನೆ.